ಕಣ್ಣುಗುಡ್ಡೆ ಇರುವ ಕಾರು

ಕಳೆದ ತಿಂಗಳು ನನ್ನ ಭಾವ ನನ್ನ ಅಂಗಡಿಯಲ್ಲಿ, ಕಾಲೇಜು ಹುಡುಗರ ಎದುರಿಗೆ, ಒಂದು ಪ್ಲಾಸ್ಟಿಕ್ ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಹುಡುಗರು ನಕ್ಕರು. ನಾನೂ ನಕ್ಕೆ. ಐದು ನಿಮಿಷ ಆದಮೇಲೆ ಯಾರೂ ನಗುತ್ತಿರಲಿಲ್ಲ.

ಮತ್ತಿಕೆರೆಯಲ್ಲಿ ನನ್ನದೊಂದು ಗೇಮ್ ಪಾರ್ಲರ್ ಇದೆ ಅಂತ ಈ ಅಂಕಣ ಓದುವವರಿಗೆ ಗೊತ್ತು. (ಗೊತ್ತಿಲ್ಲದವರಿಗೆ: ನಾಲ್ಕು ಟಿವಿ, ನಾಲ್ಕು ಕನ್ಸೋಲ್, ಒಂದು ಸ್ಟೀರಿಂಗ್ ಸೆಟ್, ಒಂದು ಕೂಲರ್. ಕೂಲರ್ ಕೆಟ್ಟಿದೆ.) ಬರುವವರೆಲ್ಲ ಪಕ್ಕದ ಕಾಲೇಜಿನವರು. ಅವರದು ಎಂಜಿನಿಯರಿಂಗ್, ನನ್ನದು ಎಂಟನೇ ಕ್ಲಾಸು. ಆದರೂ ಒಂದು ವಿಷಯದಲ್ಲಿ ನಮ್ಮೆಲ್ಲರದೂ ಒಂದೇ ಅಭಿಪ್ರಾಯ. ಗೇಮ್ ಅಂದರೆ ನಿಜದ ಹಾಗೆ ಕಾಣಬೇಕು. ಮಳೆ ಬಂದರೆ ರಸ್ತೆ ಹೊಳೆಯಬೇಕು. ಆಟಗಾರನ ಹಣೆಯಲ್ಲಿ ಬೆವರು ಕಾಣಬೇಕು. ದಪ್ಪ ಗೆರೆ ಎಳೆದು, ಮೂರು ಬಣ್ಣ ಬಳಿದು, ತಲೆ ದೊಡ್ಡದು ಕಾಲು ಚಿಕ್ಕದು ಮಾಡಿದ ಕಾರ್ಟೂನ್ ಗೇಮ್ ಇದೆಯಲ್ಲ, ಅದೂ ಒಂದು ಗೇಮಾ?

ಅದಕ್ಕೇ ಅಂಥವನ್ನೆಲ್ಲ ಮೂಲೆಯ ಚಿಕ್ಕ ಟಿವಿಗೆ ಹಾಕಿದ್ದೆ. ಅದಕ್ಕೆ ನಾನಿಟ್ಟ ಹೆಸರು ಬಾಲವಾಡಿ ಟಿವಿ. ದೊಡ್ಡವರು ಯಾರಾದರೂ ಅಲ್ಲಿ ಕೂತರೆ ಹುಡುಗರು ಕೇಳುತ್ತಿದ್ದರು: "ಏನ್ ಮಗಾ, ನಿಪ್ಪಲ್ ಬಾಟ್ಲು ತಂದಿದ್ಯಾ?"

ಪ್ರಜ್ವಲ್ ಅಂತ ಒಬ್ಬನಿದ್ದಾನೆ, ಮೂರನೇ ವರ್ಷ. ಕ್ಲಾಸಿಗಿಂತ ನನ್ನ ಅಂಗಡಿಯಲ್ಲಿ ಅವನ ಹಾಜರಿ ಜಾಸ್ತಿ. ಅವನ ವಾದ ಇನ್ನೂ ಜೋರು.

"ಗುರು, ಕಾರ್ಟೂನ್ ಗ್ರಾಫಿಕ್ಸ್ ಅಂದ್ರೆ ಸೋಂಬೇರಿತನ. ಡೀಟೇಲ್ ಮಾಡಕ್ ಬರಲ್ಲ, ಅದ್ಕೇ ಬೊಂಬೆ ಮಾಡಿ ಬಿಟ್ಬಿಡ್ತಾರೆ."

"ಕರೆಕ್ಟ್" ಅಂದಿದ್ದೆ ನಾನು. ಯೋಚನೆ ಮಾಡದೆ ಕರೆಕ್ಟ್ ಅನ್ನುವುದು ನನ್ನ ಹಳೇ ಕಾಯಿಲೆ.

ಈಗ ಭಾವನ ವಿಷಯ. ಹೆಸರು ನಾಗರಾಜ. ನನ್ನ ಅಕ್ಕನ ಗಂಡ, ತಣಿಸಂದ್ರದವರು, ಸ್ಕೂಲ್ ವ್ಯಾನ್ ಡ್ರೈವರ್. ಮಾರ್ಚ್ ತಿಂಗಳಲ್ಲಿ, ಮಕ್ಕಳನ್ನೆಲ್ಲ ಇಳಿಸಿ ಖಾಲಿ ವ್ಯಾನ್ ತರುವಾಗ, ಹೂವಿನ ಬುಟ್ಟಿ ಕಟ್ಟಿಕೊಂಡ ಒಂದು ಸೈಕಲ್ ರಾಂಗ್ ಸೈಡಿನಿಂದ ಬಂತು. ಭಾವ ಬ್ರೇಕ್ ಹಾಕಿದರು. ಸಾಕಾಗಲಿಲ್ಲ. ಹೂವಿನವನ ಕಾಲು ಮುರಿಯಿತು. ಪ್ರಾಣಕ್ಕೇನೂ ಆಗಲಿಲ್ಲ. ತಪ್ಪು ಭಾವನದಲ್ಲ ಅಂತ ಪೊಲೀಸರು ಹೇಳಿದರು, ನೋಡಿದವರು ಹೇಳಿದರು, ಆಸ್ಪತ್ರೆಯ ಮಂಚದ ಮೇಲಿಂದ ಹೂವಿನವನೇ ಹೇಳಿದ.

ಭಾವ ಮಾತ್ರ ಹೇಳಲಿಲ್ಲ. ಅವತ್ತಿನಿಂದ ಸ್ಟೀರಿಂಗೂ ಮುಟ್ಟಲಿಲ್ಲ.

ಬೇಸಿಗೆ ರಜ ಇತ್ತು, ನಡೆಯಿತು. ರಜ ಮುಗಿಯುತ್ತಾ ಬಂದಾಗ ವ್ಯಾನ್ ಓನರ್ ಫೋನ್ ಮಾಡಿದರು. "ನಾಗಣ್ಣ, ಸ್ಕೂಲ್ ಶುರುವಾಗೋ ಸೋಮವಾರ ನೀವ್ ಬಂದ್ರೆ ಸರಿ. ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೋಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ." ಒಳ್ಳೆಯ ಮನುಷ್ಯ. ಆದರೆ ಮಕ್ಕಳು ಸ್ಕೂಲಿಗೆ ಹೋಗಬೇಕಲ್ಲ?

ಅಕ್ಕ ನನಗೆ ಫೋನ್ ಮಾಡಿದಳು. "ಲೋ ಮಂಜ, ನಿಮ್ ಭಾವ ದಿನಾ ಬೆಳಿಗ್ಗೆ ಎದ್ದು ಮನೆ ಮುಂದ್ ನಿಂತಿರೋ ವ್ಯಾನ್ ಒರೆಸ್ತಾರೆ ಕಣೋ. ಗ್ಲಾಸು, ಕನ್ನಡಿ, ಹಿಂದಿನ್ ಸೀಟು, ಎಲ್ಲಾನೂ. ಡ್ರೈವರ್ ಸೀಟ್ ಮಾತ್ರ ಮುಟ್ಟಲ್ಲ. ಬಂದು ಸುಮ್ನೆ ಕೂತ್ಕೋತಾರೆ. ಡ್ರೈವಿಂಗ್ ಬಿಟ್ರೆ ಅವ್ರಿಗ್ ಬೇರೇನ್ ಬರುತ್ತೆ ಹೇಳು?"

ನನ್ನ ತಲೆಗೆ ಒಂದು ಐಡಿಯಾ ಬಂತು. (ಇಂಥ ಐಡಿಯಾಗಳು ನನಗೆ ಸುಲಭವಾಗಿ ಬರುತ್ತವೆ. ಅದೇ ತೊಂದರೆ.) ಅಂಗಡಿಯಲ್ಲಿ ಸ್ಟೀರಿಂಗ್ ಸೆಟ್ ಇದೆ, ಪೆಡಲ್ ಇದೆ, ದೊಡ್ಡ ಟಿವಿ ಇದೆ. ಅದರಲ್ಲಿ ಡ್ರೈವರ್ ಸೀಟಿನಿಂದಲೇ ರಸ್ತೆ ಕಾಣುವ ರೇಸ್ ಗೇಮ್ ಇದೆ. ವೈಪರ್ ಕೂಡ ಆಡುತ್ತೆ. ಇಷ್ಟು ನಿಜವಾಗಿ ಇರುವಾಗ ಅಭ್ಯಾಸ ವಾಪಸ್ ಬರದೆ ಏನಾಗುತ್ತೆ?

ಕರೆದುಕೊಂಡು ಬಂದೆ. ಭಾವ ಚಪ್ಪಲಿ ಬಿಟ್ಟು ಕೂತರು, ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹುಡುಗರು ನಕ್ಕಿದ್ದು ಆಗಲೇ. ನಾನು ಹೀರೋ ಥರ ಮಳೆ ಇರುವ ಟ್ರ್ಯಾಕ್ ಹಾಕಿದೆ, ಗ್ರಾಫಿಕ್ಸ್ ನೋಡಲಿ ಅಂತ.

ಎರಡು ತಿರುವು ಚೆನ್ನಾಗಿಯೇ ಓಡಿಸಿದರು. ಮೂರನೆಯದರಲ್ಲಿ ಎಡಗಡೆಯಿಂದ ಒಂದು ಕಾರು ನುಗ್ಗಿ ತಗುಲಿತು. ಗಾಜಿನಲ್ಲಿ ಬಿರುಕು ಬಂತು. ಟೈರು ಕಿರುಚಿತು. ಎಲ್ಲ ಥೇಟ್ ನಿಜದ ಹಾಗೆ.

ಭಾವ ಕೈ ಬಿಟ್ಟರು. ಕಾಲು ಮಾತ್ರ ಬ್ರೇಕಿನ ಮೇಲೇ ಇತ್ತು. ನಾನು ಟಿವಿ ಆಫ್ ಮಾಡಿದೆ. ಆಮೇಲೂ ಒತ್ತಿಕೊಂಡೇ ಇದ್ದರು. ಪೆಡಲ್ ಬುಡ ನೆಲದ ಮೇಲೆ ಇಷ್ಟಿಷ್ಟೇ ಜರುಗುತ್ತಿತ್ತು. ಮುಖವೆಲ್ಲ ಬೆವರು. ಹಣೆಯ ಮೇಲೆ ಬೆವರು ಕಂಡರೇ ಒಳ್ಳೆ ಗ್ರಾಫಿಕ್ಸ್ ಅನ್ನುತ್ತಿದ್ದೆನಲ್ಲ, ನೋಡಿದೆ.

"ಸಾಕು ಭಾವ, ಏಳಿ" ಅಂದೆ.

"ಊಂ" ಅಂದರು. ಏಳಲು ಸ್ವಲ್ಪ ಹೊತ್ತು ಬೇಕಾಯಿತು.

ಸಂಜೆ ಅಕ್ಕ ಫೋನಿನಲ್ಲಿ ಬೈದಳು. "ನಿಂಗೆ ಬುದ್ಧಿ ಅನ್ನೋದು ಇದ್ಯೇನೋ? ಗಾಯದ್ ಮೇಲೆ ಕೈ ಇಟ್ಟು ವಾಸಿ ಆಯ್ತಾ ಅಂತ ಕೇಳ್ತಾರಾ?" ಇನ್ನು ಭಾವ ನನ್ನ ಅಂಗಡಿ ಕಡೆ ತಲೆ ಹಾಕಲ್ಲ ಅಂದುಕೊಂಡೆ.

ಮಾರನೇ ದಿನವೇ ಬಂದರು. ಅಕ್ಕ ಕಳಿಸಿದ ಊಟದ ಡಬ್ಬಿ ಕೊಡುವುದಕ್ಕೆ. (ಬೈದ ಮಾರನೇ ದಿನ ಊಟ ಕಳಿಸುವುದು ನಮ್ಮಕ್ಕನ ಪದ್ಧತಿ.) ಖಾಲಿ ಡಬ್ಬಿ ವಾಪಸ್ ಒಯ್ಯಬೇಕಿತ್ತು, ನಾನು ತಿಂದು ಮುಗಿಸುವವರೆಗೆ ಕಾಯಬೇಕು. ಖಾಲಿ ಇದ್ದ ಕುರ್ಚಿ ಒಂದೇ, ಬಾಲವಾಡಿ ಟಿವಿಯದು. ದೊಡ್ಡ ಟಿವಿಯಲ್ಲಿ ಪ್ರಜ್ವಲ್ ಗ್ಯಾಂಗ್ ಫುಟ್‌ಬಾಲ್ ಆಡುತ್ತಿದ್ದರು, ಅದಕ್ಕೇ ಸ್ಟೀರಿಂಗ್ ಸೆಟ್ಟನ್ನು ಮೂಲೆಯ ಟಿವಿಗೆ ಜೋಡಿಸಿದ್ದೆ. ಭಾವ ಕೂತು ಪರದೆ ನೋಡಿದರು.

"ಇದೇನೋ ಮಂಜ, ಕಾರಿಗೆ ಕಣ್ ಗುಡ್ಡೆ ಐತೆ?"

"ಮಕ್ಳ್ ಆಟ ಭಾವ. ಬೊಂಬೆ ಕಾರು. ಬಿಡಿ ಅದು."

"ನಮ್ ವ್ಯಾನಿಗೂ ಮಕ್ಳು ಇಂಗೇ ಬರೀತಿದ್ವು. ಇಂದ್ಗಡೆ ಗ್ಲಾಸಲ್ಲಿ ಧೂಳಿರ್ತದಲ್ಲ, ಅದ್ರಲ್ಲಿ. ಒರೆಸಿದ್ರೆ ಅಳೋವು." ಸ್ಟೀರಿಂಗ್ ಕಡೆ ಕೈ ಚಾಚಿ ಕೇಳಿದರು, "ಇದ್ರಲ್ಲಿ ಆರ್ನ್ ಎಲ್ಲೈತೆ?"

ನಾನು ಅನ್ನ ಕಲೆಸುತ್ತಿದ್ದವನು ನಿಲ್ಲಿಸಿದೆ. ಇಷ್ಟು ವರ್ಷದಲ್ಲಿ ರೇಸ್ ಆಡುವ ಒಬ್ಬನೂ ಹಾರ್ನ್ ಕೇಳಿದ್ದಿಲ್ಲ. ಹುಡುಕಿದೆ. ಒಂದು ಬಟನ್ ಒತ್ತಿದರೆ ಪೀಂ ಅಂತ ಪೀಪಿ ಊದಿದ ಹಾಗೆ ಬಂತು. ಭಾವ ಎರಡು ಸಲ ಒತ್ತಿ ನೋಡಿ, ಆ ಕಾರು ತಗೊಂಡು ಹೊರಟರು.

ಹೇಗೆ ಹೊರಟರು ಅಂತೀರಿ? ಹಸಿರು ದೀಪ ಬಂದ ಮೇಲೆ ಬಲಗಡೆ ನೋಡಿ, ಎಲ್ಲರನ್ನೂ ಮುಂದೆ ಬಿಟ್ಟು, ಆಮೇಲೆ. ಎಡಗಡೆ ಬಿಟ್ಟು ಕದಲಲಿಲ್ಲ. ಪ್ರತಿ ತಿರುವಿಗೂ ಪೀಂ. ಹಿಂದಿನವರಿಗೆ ದಾರಿ. ಎಂಟು ಕಾರಿನ ರೇಸಿನಲ್ಲಿ ಎಂಟನೇ ಸ್ಥಾನ. ರೇಸ್ ಅನ್ನಲೂ ಇಲ್ಲ ಅವರು. "ಒಂದ್ ಟ್ರಿಪ್ ಆಯ್ತು" ಅಂದರು.

ಎರಡನೇ ಟ್ರಿಪ್ಪಿನಲ್ಲಿ ಒಂದು ಕರಡಿ ಅಡ್ಡ ಬಂತು. ತಲೆ ಮೇಲೆ ಹಣ್ಣಿನ ಬುಟ್ಟಿ ಹೊತ್ತುಕೊಂಡು ರಸ್ತೆ ದಾಟುವ ಕರಡಿ. ಆ ಟ್ರ್ಯಾಕಿನಲ್ಲಿ ಅದು ಯಾವಾಗಲೂ ಇರುತ್ತೆ, ಎಲ್ಲರೂ ಗುದ್ದಿಕೊಂಡೇ ಹೋಗುತ್ತಾರೆ. ನನಗೆ ನೆನಪೇ ಬರಲಿಲ್ಲ. ಬುಟ್ಟಿ ನೋಡಿದ ಮೇಲೆ ಟಿವಿ ಆಫ್ ಮಾಡಲು ಎದ್ದೆ. ತಡವಾಗಿತ್ತು. ಭಾವ ಗುದ್ದಿಬಿಟ್ಟಿದ್ದರು.

ಕರಡಿ ದೋಸೆ ಥರ ಚಪ್ಪಟೆಯಾಗಿ ರಸ್ತೆಗೆ ಅಂಟಿಕೊಂಡಿತು. ಹಣ್ಣೆಲ್ಲ ಮೇಲಕ್ಕೆ ಹಾರಿತು. ಭಾವ ಕಾರು ನಿಲ್ಲಿಸಿದರು.

ಪ್ರಜ್ವಲ್ ತಿರುಗಿ ನೋಡಿದ. "ಅಂಕಲ್, ನಿಲ್ಬೇಡಿ, ಟೈಮ್ ಹೋಗುತ್ತೆ. ಹೊಡ್ಕೊಂಡ್ ಹೋಗ್ತಾ ಇರಿ, ಅದಕ್ಕೇನೂ ಆಗಲ್ಲ."

"ಏಳ್ಲಿ ತಡಿಯಪ್ಪ" ಅಂದರು ಭಾವ.

ಕರಡಿ ಒಂದು ಮೂಲೆಯಿಂದ ಉಬ್ಬಿತು. ಪೂರಿ ಉಬ್ಬುವ ಹಾಗೆ. ತಲೆ ಸುತ್ತ ನಾಲ್ಕು ನಕ್ಷತ್ರ ತಿರುಗಿದವು. ಎದ್ದು ನಿಂತು ಮೈ ಕೊಡವಿತು, ಹಣ್ಣು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಿತು, ಭಾವನ ಕಡೆ ಮುಷ್ಟಿ ತೋರಿಸಿ ಏನೋ ಬೈದು ಹೊರಟುಹೋಯಿತು.

"ಎದ್ದ ನೋಡು" ಅಂದರು ಭಾವ. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ಗೊತ್ತಿಲ್ಲ. ನಗಲಿಲ್ಲ, ಅಳಲಿಲ್ಲ. ಗೇರ್ ಹಾಕುವ ಹಾಗೆ ಎಡಗೈ ಆಡಿಸಿ (ಅಲ್ಲಿ ಗೇರೇ ಇಲ್ಲ) ಮುಂದಕ್ಕೆ ಹೋದರು.

ಅವರು ಹೋದ ಮೇಲೆ ಪ್ರಜ್ವಲ್ ಕೇಳಿದ, "ಯಾಕ್ ಗುರು, ಅಂಕಲ್ ಹಂಗ್ ನಿಂತ್ಬಿಟ್ರು?" ಹೇಳಿದೆ. ಅವನು ಪ್ಯಾಡ್ ಕೆಳಗಿಟ್ಟ. ಆಟದ ಮಧ್ಯೆ ಪ್ರಜ್ವಲ್ ಪ್ಯಾಡ್ ಕೆಳಗಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಭಾವ ದಿನಾ ಬಂದರು. ಮಧ್ಯಾಹ್ನ ಮೂರಕ್ಕೆ, ರಜ ಇಲ್ಲದಿದ್ದರೆ ಸ್ಕೂಲ್ ಬಿಡುವ ಹೊತ್ತಿಗೆ. ಒಂದೆರಡು ದಿನ ಕರಡಿಗೆ ಬೇಕಂತಲೇ ಗುದ್ದಿದರು. ಹೌದು, ಬೇಕಂತಲೇ. ನಿಧಾನವಾಗಿ ಹೋಗಿ ಗುದ್ದುವುದು, ನಿಲ್ಲಿಸುವುದು, ಅದು ಏಳುವುದನ್ನು ನೋಡುವುದು, ಹೋಗುವುದು. ಇದೇನು ಹುಚ್ಚು ಅಂತ ನನಗೆ ಭಯವೂ ಆಯಿತು. ಅಕ್ಕನಿಗೆ ಹೇಳಲಿಲ್ಲ. ಹೊಸ ಹುಡುಗ ಯಾರೋ ಬಾಲವಾಡಿ ಅಂತ ನಗಲು ಹೋದಾಗ ಪ್ರಜ್ವಲ್ಲೇ ಗದರಿದ: "ಸುಮ್ನಿರೋ, ಅಂಕಲ್ ಟ್ರಿಪ್ ಹೊಡೀತಿದಾರೆ."

ಶನಿವಾರ ಕರಡಿ ಬಂತು. ಭಾವ ಪೀಂ ಅನ್ನಿಸಿದರು, ಬಲಕ್ಕೆ ತಿರುಗಿಸಿದರು, ಅದರ ಪಕ್ಕದಲ್ಲಿ ಹಾದುಹೋದರು. ನಿಲ್ಲಲಿಲ್ಲ. ತಿರುಗಿಯೂ ನೋಡಲಿಲ್ಲ.

ಆ ವಾರ ಭಾವನ ಪಕ್ಕ ಕೂತು ಆ ಗೇಮನ್ನು ನಾನು ಮೊದಲ ಸಲ ಸರಿಯಾಗಿ ನೋಡಿದೆ. ಸೋಂಬೇರಿತನವಂತೆ. ಆ ಕರಡಿಯ ಹುಬ್ಬು ನೋಡಬೇಕು ನೀವು. ಎರಡು ಗೆರೆ ಅಷ್ಟೇ. ಸಿಟ್ಟು, ನಾಚಿಕೆ, ಹಣ್ಣು ಹೋಯಿತಲ್ಲ ಅನ್ನುವ ಸಂಕಟ, ಎಲ್ಲ ಆ ಎರಡು ಗೆರೆಯಲ್ಲಿದೆ. ಯಾರೋ ಕೂತು, ಏನೇನು ಬೇಡ ಅಂತ ಯೋಚಿಸಿ ಬಿಟ್ಟು, ಇಷ್ಟು ಸಾಕು ಅಂತ ಎಳೆದಿರುವ ಗೆರೆ. ಗಾಜಿನ ಬಿರುಕು ಬಿಟ್ಟರು. ರಕ್ತ ಬಿಟ್ಟರು. ಏಳುವುದನ್ನು ಇಟ್ಟುಕೊಂಡರು. ಅದು ಮಾಡಲು ಬರದೆ ಬಿಟ್ಟಿದ್ದಾ?

ಇನ್ನೊಂದು ಮಾತು. ಐದು ವರ್ಷದ ಹಿಂದೆ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ, ಥೇಟ್ ನಿಜ ಅಂದಿದ್ದ ಗೇಮ್ ಒಂದು ಡಬ್ಬದಲ್ಲಿತ್ತು. ಹಾಕಿ ನೋಡಿದೆ. ಮನುಷ್ಯರೆಲ್ಲ ಬಟ್ಟೆ ಅಂಗಡಿಯ ಬೊಂಬೆಗಳ ಥರ ಇದ್ದಾರೆ. ಈ ಕರಡಿ ಗೇಮೂ ಅಷ್ಟೇ ಹಳೆಯದು. ಅದು ಮಾತ್ರ ಇವತ್ತು ಬೆಳಿಗ್ಗೆ ಬಣ್ಣ ಹಚ್ಚಿದ ಹಾಗಿದೆ. ನಿಜದ ಹಾಗೆ ಕಾಣಲು ಹೊರಟಿದ್ದಕ್ಕೆ ವಯಸ್ಸಾಗುತ್ತೆ. ತಾನು ಬೊಂಬೆ ಅಂತ ಒಪ್ಪಿಕೊಂಡಿದ್ದಕ್ಕೆ ಏನಾಗಬೇಕು?

ನಾನೇನು ಡಾಕ್ಟರ್ ಅಲ್ಲ. ಗೇಮ್ ಆಡಿದರೆ ಭಯ ವಾಸಿಯಾಗುತ್ತೆ ಅಂತ ಹೇಳಲು ಬಂದಿಲ್ಲ. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಮೊದಲು ತಿಳಿದವರ ಹತ್ತಿರ ಕರೆದುಕೊಂಡು ಹೋಗಿ, ನನ್ನ ಹಾಗೆ ಪೆದ್ದತನ ಮಾಡಬೇಡಿ. ಆಗಿದ್ದನ್ನು ಹೇಳುತ್ತಿದ್ದೇನೆ, ಅಷ್ಟೇ.

ಸೋಮವಾರ ಬೆಳಿಗ್ಗೆ ಭಾವನೇ ಫೋನ್ ಮಾಡಿದರು. "ಪಕ್ಕದಲ್ ಕೂತ್ಕೋ ಬಾ, ಒಂದಿನ."

ಹೋಗಿ ಕೂತೆ. ಭಾವ ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಎಡಗಡೆ ಬಿಡದೆ, ಎಲ್ಲರನ್ನೂ ಮುಂದೆ ಬಿಟ್ಟು, ಸಾವಕಾಶವಾಗಿ ಹೋದೆವು. ಹಿಂದಿನಿಂದ ಆಟೋದವನು ಬೈದ. ಭಾವ ಬೈಸಿಕೊಂಡರು. ಸೈಕಲ್ ತಗುಲಿದ ತಿರುವು ಬಂದಾಗ ವ್ಯಾನ್ ಇನ್ನೂ ನಿಧಾನವಾಯಿತು. ಅಲ್ಲೇ ಮರದ ಕೆಳಗೆ ಹೂವಿನವನು ಇದ್ದ. ಈಗ ಸೈಕಲ್ ತುಳಿಯುವುದಿಲ್ಲ, ಗೋಣಿಚೀಲ ಹಾಸಿ ಕೂತು ಮಾರುತ್ತಾನೆ. ವ್ಯಾನ್ ನೋಡಿ ಗುರುತು ಹಿಡಿದ. ಕೋಲು ಊರಿ, ಒಂದು ಕಾಲು ಎಳೆದುಕೊಂಡು, ಕಷ್ಟಪಟ್ಟು ಎದ್ದು ನಿಂತ. ಕೈ ಎತ್ತಿದ.

ಭಾವನೂ ಕೈ ಎತ್ತಿದರು. ಮುಂದಿನ ಮನೆಯಲ್ಲಿ ಒಂದು ಮಗು ಬ್ಯಾಗ್ ಹಾಕಿಕೊಂಡು ಕಾಯುತ್ತಿತ್ತು. ಲೇಟಾಯಿತು ಅಂತ ಅದರ ಅಮ್ಮ ಮುಖ ಸಿಂಡರಿಸಿದರು.

ಎರಡು ಮೂರು ದಿನ ಬಿಟ್ಟು ಭಾವನಿಗೆ ಹೇಳಿದೆ, "ಈಗ್ ಬನ್ನಿ ಭಾವ, ದೊಡ್ಡ್ ಟಿವೀಲಿ ಆ ಮಳೆ ರೇಸ್ ಹಾಕ್ತೀನಿ. ಈಗ ನಿಮ್ಗೆ ಆಗುತ್ತೆ."

"ಅದ್ಯಾಕೋ?" ಅಂದರು. "ನಿಜದ್ದು ದಿನಾ ಬೆಳಿಗ್ಗೆ ಆರೂವರೆಗೇ ಸಿಗ್ತದಲ್ಲ."

ಪ್ರಜ್ವಲ್ ಇನ್ನೂ ಪೂರ್ತಿ ಒಪ್ಪಿಲ್ಲ. "ಅದು ಅಂಕಲ್ ಕೇಸ್ ಗುರು, ಬೇರೆ" ಅನ್ನುತ್ತಾನೆ. ಇರಲಿ. ನಿಮಗೂ ನಿಜದ ಹಾಗೆ ಕಾಣುವುದೇ ಇಷ್ಟವಾದರೆ ಆಡಿ, ನನ್ನದೇನೂ ತಕರಾರಿಲ್ಲ. ಆದರೆ ಬಿದ್ದವನು ಕಾಲು ಎಳೆದುಕೊಳ್ಳದೆ ಎದ್ದು ಹೋಗುವ ರಸ್ತೆ ಎಲ್ಲೋ ಒಂದು ಇದ್ದರೆ, ಅದು ಬೊಂಬೆಯದೇ ಆದರೂ ನಿಮಗೇನ್ರೀ ಕಷ್ಟ?