ಕ್ಯಾಪ್ಟನ್ ಮರೀಚಿಯ ಮೂರು ಬಣ್ಣದ ನಿಲುವಂಗಿ

ದೊಡ್ಡಬಳ್ಳಾಪುರದ ಈ ಓಣಿಯಲ್ಲಿ ಬೆಳಕು ಹರಿಯುವ ಮೊದಲೇ ಮಗ್ಗಗಳು ಶುರುವಾಗಿಬಿಡುತ್ತವೆ. ಆ ಗದ್ದಲದಲ್ಲಿ ವರಲಕ್ಷ್ಮಮ್ಮನವರ ಹೊಲಿಗೆ ಯಂತ್ರದ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಕಾಲು ತನ್ನ ಪಾಡಿಗೆ ತುಳಿಯುತ್ತಿದೆ, ಶಾಲೆಯ ಸಮವಸ್ತ್ರದ ಕಾಲರು ಸೂಜಿಯ ಕೆಳಗೆ ಸರಿಯುತ್ತಿದೆ. ಅವರ ಕಣ್ಣು ಮಾತ್ರ ಎದುರಿನ ಮಂಚದ ಮೇಲೆ ಹಾಸಿರುವ ಉದ್ದನೆಯ ನಿಲುವಂಗಿಯ ಮೇಲಿದೆ. ಹೆಗಲ ಹತ್ತಿರ ನೀಲಿ, ಸೊಂಟದ ಹತ್ತಿರ ನಸುಗೆಂಪು, ಕಾಲಿನ ಹತ್ತಿರ ಹಸಿರು.

ಎಂಟು ಗಂಟೆಗೆ ಪಕ್ಕದ ಬೀದಿಯ ಬೈಲಪ್ಪ ನೂಲಿಗೆ ಬಣ್ಣ ಹಾಕುವ ಹಂಡೆಗೆ ಬೆಂಕಿ ಹಚ್ಚುತ್ತಾರೆ. ಆಗ ಈ ಅಂಗಿ ಅದರೊಳಗೆ ಮುಳುಗಿ ಕಡುಬೂದು ಬಣ್ಣಕ್ಕೆ ತಿರುಗಬೇಕು. ಹಾಗೆಂದು ನಿನ್ನೆ ಸಂಜೆಯೇ ತೀರ್ಮಾನವಾಗಿದೆ. ಆದರೆ ವರಲಕ್ಷ್ಮಮ್ಮನವರಿಗೆ ಕಳಿಸಲು ಮನಸ್ಸೇ ಬರುತ್ತಿಲ್ಲ.

“ಬಟ್ಟೆಗೆ ಬಣ್ಣ ಹಾಕ್ಸೋದು ನಮ್ಮೂರಲ್ಲಿ ಏನ್ ದೊಡ್ಡ ವಿಷ್ಯ? ಆದ್ರೆ ಇದು ನಾನು ಕಣ್ಣಾರೆ ನೋಡಿದ್ ಬಣ್ಣ. ಮನಸ್ಸಿಗೆ ಬಂದಂಗೆ ಹೊಲ್ದಿದ್ದಲ್ಲ,” ಎನ್ನುತ್ತಾರೆ.

ಅವರು ಹುಟ್ಟಿ ಬೆಳೆದದ್ದು ಆವತಿಯಲ್ಲಿ. ಆಗ ಅವರ ಕೇರಿಗೆಲ್ಲ ಇದ್ದದ್ದು ಒಂದೇ ಟಿವಿ, ಅದು ಆದಿನಾರಾಯಣಪ್ಪನವರ ಮನೆಯದು. ಭಾನುವಾರ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿಸಿಕೊಂಡ ಮಕ್ಕಳು ನೀರು ಹುಯ್ಯಿಸಿಕೊಳ್ಳುವುದನ್ನೂ ಬಿಟ್ಟು ಆ ಮನೆಯ ಪಡಸಾಲೆಗೆ ಓಡುತ್ತಿದ್ದರು. ‘ಧ್ರುವಲೋಕ’ ಎಂಬ ಹಿಂದಿ ಧಾರಾವಾಹಿ. ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಕ್ಯಾಪ್ಟನ್ ಮರೀಚಿಯ ಕಥೆ. ಹಿಂದಿ ಯಾರಿಗೂ ಒಂದಕ್ಷರ ಬರುತ್ತಿರಲಿಲ್ಲ, ಆದರೂ ಮರೀಚಿಗೆ ಏಟು ಬಿದ್ದರೆ ಇಲ್ಲಿ ಕಣ್ಣೀರು ಬರುತ್ತಿತ್ತು. ನಡುವೆ ಕರೆಂಟು ಹೋದರೆ ಉಳಿದ ಕಥೆಯನ್ನು ಮಕ್ಕಳೇ ಜಗಲಿಯಲ್ಲಿ ಕೂತು ಮುಗಿಸುತ್ತಿದ್ದರು. ಎಂಥ ಚೆಂದದ ಭಾನುವಾರಗಳು ಅವು! ಆ ಮಾತು ಬಂದರೆ ವರಲಕ್ಷ್ಮಮ್ಮನವರ ಮುಖ ಈಗಲೂ ಅರಳುತ್ತದೆ.

ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಮೇಲೆ ಬದುಕು ಅಷ್ಟು ಹಗುರವಾಗಿರಲಿಲ್ಲ. ಗಂಡನ ಸ್ವಂತ ಮಗ್ಗಗಳು ಒಂದೊಂದಾಗಿ ನಿಂತವು, ಅವರೀಗ ಬೇರೆಯವರ ಮಗ್ಗದಲ್ಲಿ ದುಡಿಯುತ್ತಾರೆ. ಮನೆಯನ್ನು ಹಿಡಿದು ನಿಲ್ಲಿಸಿದ್ದು ಈ ಹೊಲಿಗೆ ಯಂತ್ರ. ದಿನಕ್ಕೆ ನಾಲ್ಕೈದು ರವಿಕೆ, ಸೀರೆಗೆ ಫಾಲ್, ಜೂನ್ ಬಂದರೆ ಸಮವಸ್ತ್ರ. ಶಾಲೆಯ ವೇಷದ ಸ್ಪರ್ಧೆಗೆ ಅವರು ಹೊಲಿದ ನವಿಲಿನ ಬಟ್ಟೆಯ ಫೋಟೋ ಮೊಬೈಲಿಂದ ಮೊಬೈಲಿಗೆ ಹಾರಿ, ಕೊನೆಗೆ ಬಾಹ್ಯಾಕಾಶದ ಸಿನಿಮಾ, ಧಾರಾವಾಹಿಗಳ ಅಭಿಮಾನಿಗಳ ಬಳಗವೊಂದಕ್ಕೆ ತಲುಪಿತು. ಈಗ ಅವರ ವೇಷಗಳಿಗೆಲ್ಲ ಇವರದೇ ಕತ್ತರಿ.

ಆ ಬಳಗದ ಮುಂದಾಳು ದೇವೇಂದ್ರ. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ, ಉಳಿದ ಹೊತ್ತೆಲ್ಲ ‘ಧ್ರುವಲೋಕ’ದ ಜಪ. ಈಚೆಗೆ ಅದೇ ಕಥೆ ಹೊಸದಾಗಿ ತಯಾರಾಗಿ ಮೊಬೈಲಿಗೆ ಬಂದಿದೆ. ಅಂದಿನಿಂದ ಬಳಗ ಎರಡು ಹೋಳು. “ಹೊಸಾ ಮರೀಚಿ ಒಂದ್ಸಲಾನೂ ನಗಲ್ಲ ಗುರು. ಕರೀ ಲೆದರ್ ಹಾಕ್ಕೊಂಡು ಬುಲೆಟ್ ಓಡ್ಸೋನ್ ಥರ ಇದಾನೆ,” ಎಂಬುದು ದೇವೇಂದ್ರನ ದೂರು. ಹೊಸದರ ಪರ ವಕಾಲತ್ತು ವಹಿಸಲು ವರಲಕ್ಷ್ಮಮ್ಮನವರ ಮನೆಯಲ್ಲೇ ಒಬ್ಬಳಿದ್ದಾಳೆ, ಮಗಳು ಅಕ್ಷತ. “ಹಳೇದ್ರಲ್ಲಿ ನೌಕೆ ಥರ್ಮಾಕೋಲ್‌ದು ಕಣಮ್ಮಾ, ಕಟ್ಟಿರೋ ದಾರ ಕಾಣ್ಸುತ್ತೆ,” ಎಂದು ಕಾಲೆಳೆಯುತ್ತಾಳೆ. ದಾರ ಕಂಡರೇನಂತೆ, ನೌಕೆ ಹಾರಿತೋ ಇಲ್ಲವೋ ಎಂದು ತಾಯಿಯ ಮರುಪ್ರಶ್ನೆ.

ಭಾನುವಾರ ಬೆಂಗಳೂರಿನಲ್ಲಿ ಬಳಗದ ಸಮಾವೇಶ. ಹಳೆಯ ಮರೀಚಿಯ ವೇಷದಲ್ಲಿ ವೇದಿಕೆ ಹತ್ತಿ ಹೊಸಬರ ಬಾಯಿ ಮುಚ್ಚಿಸಬೇಕೆಂಬುದು ದೇವೇಂದ್ರನ ಹಟ. ನಿಲುವಂಗಿ ಹೊಲಿಯಲು ಹೇಳಿ ಫೋಟೋ ತೋರಿಸಹೋದರೆ, “ನಾನು ನೋಡ್ಕೊಂಡೇ ಬೆಳ್ದಿದ್ದೀನಪ್ಪಾ, ನಂಗೇ ಫೋಟೋ ತೋರಿಸ್ತೀಯಾ?” ಎಂದು ವರಲಕ್ಷ್ಮಮ್ಮ ನಕ್ಕು ಕಳಿಸಿದ್ದರು. ನಿನ್ನೆ ಸಂಜೆ ಬಂದವನು ಅಂಗಿ ನೋಡಿ ತಬ್ಬಿಬ್ಬಾದ. ಮೊಬೈಲು ತೆಗೆದು ಹಳೆಯ ಕಂತನ್ನೇ ಬಣ್ಣದಲ್ಲಿ ತೋರಿಸಿದ. ಮರೀಚಿ ಅದೇ ಮರೀಚಿ, ಅಂಗಿ ಮಾತ್ರ ಹೆಗಲಿಂದ ಕಾಲಿನವರೆಗೆ ಒಂದೇ ಬೂದು. ಮೂವತ್ತೈದು ವರ್ಷ ಎದೆಯಲ್ಲಿಟ್ಟುಕೊಂಡು ಬಂದ ಬಣ್ಣ ಒಂದು ಗಳಿಗೆಯಲ್ಲಿ ಸುಳ್ಳಾಯಿತಲ್ಲ ಎಂದು ಅವರು ಊಟವನ್ನೂ ಮಾಡಿಲ್ಲ.

ಎಂಟಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ದೇವೇಂದ್ರನ ಬೈಕು ಬಾಗಿಲಿಗೆ ಬರುತ್ತದೆ. “ಅಕ್ಕಾ, ಬೈಲಪ್ಪನೋರು ಕಾಯ್ತಾ ಇರ್ತಾರೆ,” ಎನ್ನುತ್ತಾನೆ, ಸಂಕೋಚದಿಂದ. ವರಲಕ್ಷ್ಮಮ್ಮ ಅಂಗಿ ಎತ್ತಿಕೊಡುವುದಿಲ್ಲ. ಆವತಿಗೆ ಫೋನು ಹಚ್ಚುತ್ತಾರೆ. ದೇವೇಂದ್ರನಿಗೂ ಅಕ್ಷತಳಿಗೂ ಕೇಳಲಿ ಎಂದು ಸ್ಪೀಕರ್ ಹಾಕುತ್ತಾರೆ.

“ದೊಡ್ಡಪ್ಪಾ, ನಿಮ್ಮನೆ ಟಿವೀಲಿ ಮರೀಚಿ ಕೋಟು ಯಾವ ಬಣ್ಣ ಇತ್ತು ಹೇಳಿ?”

ಆ ಕಡೆಯಿಂದ ಆದಿನಾರಾಯಣಪ್ಪನವರ ಕೆಮ್ಮು, ಆಮೇಲೆ ನಗು. “ಬಣ್ಣ ಎಲ್ಲಿಂದ ಬಂತಮ್ಮಾ? ಅದು ಕಪ್ಪು ಬಿಳುಪು ಟಿವಿ. ದೇವನಹಳ್ಳಿ ಸಂತೇಲಿ ಪ್ಲಾಸ್ಟಿಕ್ ಹಾಳೆ ತಂದು ಮುಂದೆ ಸಿಗಿಸಿದ್ದೆ. ಮೇಲೆ ನೀಲಿ, ಮಧ್ಯ ಕೆಂಪು, ಕೆಳಗೆ ಹಸ್ರು. ನೀವು ಹುಡುಗ್ರು ಕಲರ್ ಟಿವಿ ಅಂತ ಕುಣೀತಿದ್ರಿ, ನಾನೂ ಸುಮ್ನಿದ್ದೆ.”

“ಹಾಳೆ ಆದ್ರೆ ಅವನು ಕೂತಾಗ ಕೋಟಿನ ಬಣ್ಣ ಬದಲಾಗ್ತಿತ್ತಲ್ಲ? ಅದೇ ಅವನ ಶಕ್ತಿ ಅಂತಿದ್ವಿ.”

“ಹಾಳೆ ಇದ್ದಲ್ಲೇ ಇರ್ತಿತ್ತು ಕಣಮ್ಮಾ. ಅವನು ಕೆಳಗ್ ಬರ್ತಿದ್ದ.”

ಫೋನಿಡುತ್ತಾರೆ. ಮೊದಲು ಅಕ್ಷತಳಿಗೆ ನಗು ಬರುತ್ತದೆ, ಅವಳ ಹಿಂದೆಯೇ ತಾಯಿಗೂ. ನಗುತ್ತ ನಗುತ್ತಲೇ ವರಲಕ್ಷ್ಮಮ್ಮನವರ ಕಣ್ಣು ತುಂಬುತ್ತದೆ. ಅಂಗಿಯನ್ನು ಮಡಚಿ ದೇವೇಂದ್ರನ ಕೈಗಿಡುತ್ತಾರೆ. “ತಗೊಂಡ್ಹೋಗಪ್ಪಾ, ಹಂಡೆಗೆ ಹಾಕ್ಸು. ತಪ್ಪು ನಂದೇ.”

ದೇವೇಂದ್ರ ಕದಲುವುದಿಲ್ಲ. “ಒರಿಜಿನಲ್ ಒರಿಜಿನಲ್ ಅಂತ ಎಲ್ರ ಹತ್ರ ಜಗಳ ಆಡೋನು ನಾನು. ನಾನು ನೋಡಿದ್ದು ಮೊಬೈಲಲ್ಲಿ ಅಕ್ಕಾ, ಒಬ್ನೇ ಕೂತ್ಕೊಂಡು. ಅದು ಬಂದ ಕಾಲದಲ್ಲೇ ಎಲ್ರ ಜೊತೆ ಕೂತು ನೋಡ್ದೋರು ನೀವು,” ಎನ್ನುತ್ತಾನೆ. ಮಡಿಕೆ ಬಿಚ್ಚಿ ಅಂಗಿಯನ್ನು ತೊಟ್ಟೇಬಿಡುತ್ತಾನೆ. “ಭಾನುವಾರ ಇದನ್ನೇ ಹಾಕ್ಕೋತೀನಿ. ಬೈದ್ರೆ ಬೈಸ್ಕೋತೀನಿ ಬಿಡಿ.”

ವರಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಅವನನ್ನು ಸ್ಟೂಲಿನ ಮೇಲೆ ಕೂರಿಸುತ್ತಾರೆ. ಅಂಚು ನೆಲಕ್ಕೆ ತಾಗದಂತೆ ಎತ್ತಿ ನೋಡುತ್ತಾರೆ, ಹೆಗಲ ಹೊಲಿಗೆ ಸವರುತ್ತಾರೆ. ನೀಲಿ ನೀಲಿಯಾಗಿಯೇ ಇದೆ, ಹಸಿರು ಹಸಿರಾಗಿಯೇ.

“ಅಳತೆ ಸರಿಯಾಗಿದೆ,” ಎನ್ನುತ್ತಾರೆ. “ಕೂತ್ರೆ ಬಣ್ಣ ಬದಲಾಗೋ ಬಟ್ಟೆ ನಮ್ಮೂರ ಮಗ್ಗದಲ್ಲಿ ಯಾರಾದ್ರೂ ನೇಯ್ದ್ರೆ ಹೇಳಪ್ಪಾ. ಹೊಲಿಯೋಕೆ ನಾನಿದ್ದೀನಿ.”