ಹತ್ತು ಸೀರೆಯಷ್ಟು ಎದೆ

ಅಪ್ಪನ ಉಸಿರಿನ ಬಲವನ್ನು ನಾನು ಮೊದಲು ಕಂಡದ್ದು ಮಗ್ಗದ ಲಾಳಿಯಲ್ಲಿ. ಲಾಳಿಯ ಸಣ್ಣ ತೂತಿನ ಒಳಬದಿಗೆ ನೂಲಿನ ತುದಿ ಹಿಡಿದು, ಹೊರಗಿನಿಂದ ತುಟಿಯಿಟ್ಟು ಒಮ್ಮೆ ಸರಕ್ಕನೆ ಹೀರಿದರೆ ನೂಲು ಈಚೆ ಬಂದಿರುತ್ತಿತ್ತು. ತಮಿಳುನಾಡಿನ ಪಲ್ಲಡದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್. ನಾನು ಬೆಳೆದದ್ದು ಆ ಸದ್ದಿನಲ್ಲೇ.

ಹಾಗಾಗಿ ಅಪ್ಪನಿಗೆ ಎಪ್ಪತ್ತರ ವಯಸ್ಸಿನ ಸುಮಾರಿಗೆ ಏದುಸಿರು ಶುರುವಾದಾಗ ನಾವು ಕಾರಣ ಹುಡುಕಲೂ ಇಲ್ಲ. ಹತ್ತಿಧೂಳು, ಮತ್ತೇನು? ನೇಯುವವರ ಮನೆಯಲ್ಲಿ ಯಾರು ಕೆಮ್ಮಿದರೂ ಕಳ್ಳ ಅದೊಂದೇ. ಸಂಜೆ ಒಂದು ಚೂರು ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆಂದು ನಂಬಿದ ಜನ ನಾವು. ಬೆಲ್ಲಕ್ಕೂ ಕೆಮ್ಮು ಜಗ್ಗದಾಗ ನಾನು ಜಾಣತನ ತೋರಿಸಿದೆ. ಶೆಡ್ಡಿನ ಕಡೆ ಸುಳಿಯಬೇಡಿ ಎಂದು ಅಪ್ಪನ ಮಂಚವನ್ನು ರಸ್ತೆಯ ಕಡೆಯ ಜಗುಲಿಗೆ ಹಾಕಿಸಿದೆ, ಒಳ್ಳೆಯ ಗಾಳಿ ಬರಲಿ ಎಂದು.

ಗಾಳಿ ಬಂತು, ತಿರುಪ್ಪೂರಿಗೆ ಹೋಗುವ ಲಾರಿ, ಕಂಪನಿ ಬಸ್ಸುಗಳ ಹೊಗೆಯನ್ನೂ ಹೊತ್ತು ತಂತು. ಮಂಚದ ಮೇಲೆ ಕೂರುವ ಕಪ್ಪು ಪುಡಿಯನ್ನು ದಿನವೂ ಒರೆಸುತ್ತಿದ್ದವನು ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಹೊಳೆಯಲಿಲ್ಲ! ಎಂಟು ತಿಂಗಳಲ್ಲಿ ಅಪ್ಪನಿಗೆ ಒಂದು ಮಾತು ಮುಗಿಸಲೂ ಉಸಿರು ಸಾಲದಾಯಿತು. "ಏನ್ಡಾ, ಈ..." ಎಂದು ಶುರುಮಾಡಿ, ರಸ್ತೆಯತ್ತ ಕೈಯೆತ್ತಿ, ಕೆಮ್ಮಿ, ಅಲ್ಲಿಗೇ ಬಿಟ್ಟುಬಿಡುವರು. ನಾನು ನೀರು ತಂದುಕೊಡುತ್ತಿದ್ದೆ.

ಕೊನೆಗೆ ಕೊಯಮತ್ತೂರಿನ ಎದೆರೋಗದ ಡಾಕ್ಟರಮ್ಮನ ಬಳಿ ಕರೆದೊಯ್ದೆ. ಅವರು ಒಂದು ಕೊಳವೆ ಊದಿಸಿ ನೋಡಿದರು, ಮನೆಯ ಬಗ್ಗೆ ಕೇಳಿದರು, ಆಮೇಲೆ ತಮಿಳಿನಲ್ಲಿ ಬಿಡಿಸಿ ಹೇಳಿದರು. ಹತ್ತಿಧೂಳು ಎದೆಯನ್ನು ಮೊದಲೇ ಕೆಡಿಸಿತ್ತು. ಈಗ ಅದರ ಮೇಲೆ ಡೀಸೆಲ್ ಹೊಗೆ. ಅದರ ಕಣಗಳು ಎಷ್ಟು ಸಣ್ಣವೆಂದರೆ ಮೂಗು, ಗಂಟಲು ತಡೆಯಲಾರವು. ನೇರ ಶ್ವಾಸಕೋಶದ ತಳಕ್ಕಿಳಿದು ಅಲ್ಲಿ ಊತ ಎಬ್ಬಿಸುತ್ತವೆ. ತಳದಲ್ಲಿರುವುದು ಸಾಸಿವೆಗಿಂತ ಸಣ್ಣ ಗಾಳಿಚೀಲಗಳು, ಕೋಟಿಗಟ್ಟಲೆ. ಬಿಡಿಸಿ ಹಾಸಿದರೆ ಒಂದು ಮನೆಯ ನೆಲ ತುಂಬೀತು.

ಅಪ್ಪ ಎರಡೇ ಪದ ಕೇಳಿದರು. "ಎಷ್ಟು ಸೀರೆ?"

ಡಾಕ್ಟರಮ್ಮ ನಕ್ಕು, ಮನಸ್ಸಿನಲ್ಲೇ ಅಳೆದು, "ಹತ್ತಾದರೂ ಆಗುತ್ತೆ ತಾತಾ" ಎಂದರು.

ನಾನು ಬೆರಗಾಗಿ ಅಪ್ಪನ ಗೂಡಿನಂಥ ಎದೆ ನೋಡಿದೆ. ಜೀವಮಾನವಿಡೀ ನೇಯ್ದ ಮನುಷ್ಯ, ಯಾವ ಮಗ್ಗವೂ ನೇಯಲಾರದಷ್ಟು ತೆಳ್ಳನೆಯ ಹತ್ತು ಸೀರೆಗಳನ್ನು ಪಕ್ಕೆಲುಬಿನೊಳಗೆ ಮಡಿಸಿಟ್ಟುಕೊಂಡೇ ಓಡಾಡಿದ್ದರು! ಅವನ್ನು ನಾನು ಕೈಯಾರೆ ರಸ್ತೆಯ ಮಸಿಗೆ ಹರವಿದ್ದೆ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರಮ್ಮ.

ಅದೇ ವಾರ ಅಪ್ಪನನ್ನು, ರಸ್ತೆಗೂ ಮಗ್ಗಕ್ಕೂ ದೂರವಾಗಿ ತೆಂಗಿನ ತೋಟದೊಳಗಿರುವ ಅಕ್ಕನ ಮನೆಗೆ ಕರೆದೊಯ್ದೆವು. ಹೊತ್ತುಹೊತ್ತಿಗೆ ಬಾಯಿಂದ ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿಯೂ ಶುರುವಾಯಿತು. ಎರಡು ತಿಂಗಳ ಮೇಲೆ ನೋಡಲು ಹೋದೆ. ನಾನು ಚಪ್ಪಲಿ ಬಿಡುವಷ್ಟರಲ್ಲೇ ಅಪ್ಪ ಗುಡುಗಿದರು.

"ಏನ್ಡಾ, ಯಾವ ಮುಟ್ಟಾಳ ಸೀಕಾದ ಮುದುಕನ್ನ ಲಾರಿ ಪೊಗೆ ಮುಂದೆ ಕೂರ್ಸಿ, ಒಳ್ಳೇ ಗಾಳಿ ಕುಡೀರಿ ಅಂತಾನೆ?"

ನಡುವೆ ಎಲ್ಲೂ ನಿಲ್ಲಲಿಲ್ಲ, ಕೆಮ್ಮಲಿಲ್ಲ. ನಾನು ಕಣ್ಣು ತುಂಬಿಕೊಂಡು ನಿಂತೇ ಇದ್ದೆ. ಜಗುಲಿಯಲ್ಲಿ ರಸ್ತೆಯತ್ತ ಕೈಯೆತ್ತಿದಾಗೆಲ್ಲ ಅವರು ಹೇಳಹೊರಟದ್ದು ಇದನ್ನೇ. ಹೇಳಿ ಮುಗಿಸುವಷ್ಟು ಉಸಿರಿರಲಿಲ್ಲ.