ಟೆಂಪರರಿ ಗಲ್ಲಿ

ಅವರ ಸೈಕಲ್ಲಿನ ಸಡಿಲ ಚೈನ್ ಕವರ್ ಕಟಕಟ ಎಂದು ಕೇಳಿಸಿದರೆ, ಖಡಕಿ ಬಡಾವಣೆಯ ಗಲ್ಲಿಗಳನ್ನು ಆನ್‌ಲೈನ್ ಮ್ಯಾಪಿಗೆ ಸೇರಿಸುತ್ತಿದ್ದ ನಾವು ವಾಲಂಟಿಯರ್‌ಗಳು ನಗುತ್ತಿದ್ದೆವು. ನಮ್ಮ ಗುಂಪಿನಲ್ಲೇ ಇದ್ದ ರಿಟೈರ್ಡ್ ಫಿಟ್ಟರ್ ಅವರು. ನಡೆದು ನೋಡದೆ ಮ್ಯಾಪಿನಲ್ಲಿ ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ.

ಒಂದು ಭಾನುವಾರ ಅವರು ಕಟ್ಟಡ ಕೂಲಿಗಳ ಶೆಡ್ಡುಗಳ ನಡುವಿನ ಗಲ್ಲಿಯನ್ನು ಸೇರಿಸಿದರು. ಟೆಂಪರರಿ ಜಾಗಗಳನ್ನು ತೋರಿಸಬಾರದೆಂದು ನಾವೆಲ್ಲ ಒಪ್ಪಿಕೊಂಡಿದ್ದೆವು.

“ಆ ಶೆಡ್ಡು ಬಂದು ಹನ್ನೆರಡು ವರ್ಷ ಆತ್ರಿ, ಬಾಯಾರ. ಅಲ್ಲೇ ಹುಟ್ಟಿದ ಹುಡುಗ್ಯಾರು ಸಾಲಿಗೆ ಹೊಂಟಾರ. ಒಮ್ಮೆ ನಡದ್ ನೋಡ್ರಿ,” ಎಂದರು.

“ರೂಲ್ ಈಸ್ ರೂಲ್,” ಎಂದೆ. ನೋಡಲು ಹೋಗಲಿಲ್ಲ, ಆ ಗೆರೆ ಅಳಿಸಿದವಳು ನಾನೇ. ಅವರು ಮೀಟಿಂಗಿಗೆ ಬರುವುದನ್ನು ಬಿಟ್ಟರು.

ಕೊನೆಯ ಸಲ ಅವರನ್ನು ಕಂಡದ್ದು ಆಟೋದಿಂದ. ಆ ಗಲ್ಲಿಯ ಬಾಯಲ್ಲಿ ಬಿಸಿಲಿಗೆ ನಿಂತು, ಮ್ಯಾಪಿನಲ್ಲಿ ದಾರಿ ಸಿಗದೆ ಮುಂದೆ ಹೋಗಿಬಿಟ್ಟಿದ್ದ ಆಂಬುಲೆನ್ಸಿಗೆ ಕರವಸ್ತ್ರ ಬೀಸುತ್ತ, “ಇಕಡೆ, ಇಕಡೆ” ಎಂದು ಕೂಗುತ್ತಿದ್ದರು. ನಾನು ಆಟೋ ನಿಲ್ಲಿಸಲಿಲ್ಲ.